ಮೈಸೆಲ್‌ಗಳ ಆಕಾರ ಮತ್ತು ಹರಿವಿನ ಎಳೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಳವೆಯಲ್ಲಿ ರಭಸವಾಗಿ ಹರಿಯುವ ನೀರಿಗೆ ಸಾವಿರದಲ್ಲಿ ಒಂದು ಪಾಲು ತಕ್ಕ ಸರ್ಫ್ಯಾಕ್ಟಂಟ್, ಅಂದರೆ ಸೋಪಿನಂಥ ವಸ್ತು, ಬೆರೆಸಿದರೆ ಸಾಕು, ಘರ್ಷಣೆಯಿಂದ ಆಗುವ ಒತ್ತಡ ನಷ್ಟ ಅರ್ಧಕ್ಕಿಂತ ಕೆಳಗೆ ಇಳಿಯಬಲ್ಲದು. ಅಷ್ಟೇ ಪ್ರಮಾಣದ ಇನ್ನೊಂದು ಸರ್ಫ್ಯಾಕ್ಟಂಟ್ ಹಾಕಿ ನೋಡಿ, ಏನೂ ಆಗದಿರಬಹುದು. ಎರಡಕ್ಕೂ ಇರುವ ವ್ಯತ್ಯಾಸ ಬಹುಪಾಲು ಅವುಗಳ ಅಣುಗಳು ನೀರಿನಲ್ಲಿ ಕಟ್ಟುವ ಮೈಸೆಲ್ ಎಂಬ ಗುಂಪುಗಳ ಆಕಾರದ್ದು. ಆದರೆ ಯಾವ ಆಕಾರ? ಬೀಕರಿನಲ್ಲಿ ಸುಮ್ಮನೆ ನಿಂತಾಗಿನದೋ, ಕೊಳವೆಯಲ್ಲಿ ಓಡುವಾಗಿನದೋ? ಈ ವಿಷಯಕ್ಕೆ ಹೊಸದಾಗಿ ಬಂದವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕೆಳಗಿನ ಉತ್ತರಗಳನ್ನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಎಳೆತ ಇಳಿಕೆ ಎಂದರೆ ನಿಖರವಾಗಿ ಏನು?

ಎಂಜಿನಿಯರುಗಳು ಡ್ರ್ಯಾಗ್ ರಿಡಕ್ಷನ್ ಎನ್ನುವುದು ಇದನ್ನೇ. ಒಂದೇ ಕೊಳವೆ, ಒಂದೇ ವೇಗ. ಮೊದಲು ಬರೀ ನೀರು ಹರಿಸಿ ಎರಡು ಬಿಂದುಗಳ ನಡುವಿನ ಒತ್ತಡ ವ್ಯತ್ಯಾಸ ಅಳೆಯಿರಿ. ಆಮೇಲೆ ದ್ರಾವಣ ಹರಿಸಿ ಅಳೆಯಿರಿ. ಮೊದಲನೆಯದು 100 ಇದ್ದು ಎರಡನೆಯದು 30 ಬಂದರೆ ಇಳಿಕೆ ಶೇ. 70.

ಇದು ಪ್ರಕ್ಷುಬ್ಧ ಹರಿವಿನಲ್ಲಿ ಮಾತ್ರ ಕಾಣುವ ಸಂಗತಿ. ಪದರಪದರವಾಗಿ ನಿಧಾನಕ್ಕೆ ಹರಿಯುವ ದ್ರವದಲ್ಲಿ ಸುಳಿಗಳೇ ಇರುವುದಿಲ್ಲ, ಅಡಗಿಸಲು ಏನೂ ಇಲ್ಲ. ಅಲ್ಲಿ ಸರ್ಫ್ಯಾಕ್ಟಂಟ್ ಹಾಕಿದರೆ ಸ್ನಿಗ್ಧತೆ ಏರಿ ಒತ್ತಡ ನಷ್ಟ ಹೆಚ್ಚಾಗಬಹುದು.

ಮೈಸೆಲ್ ಎಂದರೇನು? ಎಷ್ಟು ಬಗೆಯ ಆಕಾರಗಳಿವೆ?

ಸರ್ಫ್ಯಾಕ್ಟಂಟ್ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ನೀರಿನಿಂದ ದೂರವಿರಲು ನೋಡುವ ಒಂದು ಬಾಲ. ನೀರಿನಲ್ಲಿ ಇಂಥ ಅಣುಗಳು ಒಂದು ಮಿತಿ ದಾಟಿದ ಮೇಲೆ ಬಾಲಗಳನ್ನು ಒಳಗೆ ಮುಚ್ಚಿಟ್ಟು ತಲೆಗಳನ್ನು ಹೊರಗಿಟ್ಟು ಗುಂಪುಗೂಡುತ್ತವೆ. ಆ ಗುಂಪೇ ಮೈಸೆಲ್. ಸಿಟಿಎಬಿ, ಅಂದರೆ ಸಿಟೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡ್, ಈ ಮಿತಿಯನ್ನು ಮುಟ್ಟುವುದು ಸುಮಾರು 1 ಮಿಲಿಮೋಲಾರ್‌ನಲ್ಲಿ. ಲೀಟರಿಗೆ ಗ್ರಾಂನ ಮೂರನೇ ಒಂದು ಭಾಗಕ್ಕಿಂತ ಚೂರು ಹೆಚ್ಚು. ಸೋಡಿಯಂ ಡೋಡೆಸೈಲ್ ಸಲ್ಫೇಟ್‌ಗೆ ಅದು ಸುಮಾರು 8 ಮಿಲಿಮೋಲಾರ್.

ಗುಂಪು ಗುಂಡಗಿರಬಹುದು, ಗಿಡ್ಡ ಕಡ್ಡಿಯಂತಿರಬಹುದು, ಉದ್ದನೆಯ ಬಳುಕುವ ಎಳೆಯಾಗಬಹುದು, ಕವಲೊಡೆದ ಎಳೆಯಾಗಬಹುದು. ಚಪ್ಪಟೆ ಹಾಳೆಯಾಗಿ, ಆ ಹಾಳೆ ಮಡಿಚಿಕೊಂಡು ವೆಸಿಕಲ್ ಎಂಬ ಪೊಳ್ಳು ಚೀಲವೂ ಆಗಬಹುದು. ಎಳೆ ಮೈಸೆಲ್‌ನ ದಪ್ಪ 4ರಿಂದ 5 ನ್ಯಾನೋಮೀಟರ್ ಇದ್ದರೆ ಉದ್ದ ಮೈಕ್ರೋಮೀಟರ್‌ಗಳಷ್ಟಿರಬಹುದು. ನೂರಾರು ಪಟ್ಟು ಉದ್ದದ ಈ ಎಳೆಯೇ ನಮ್ಮ ಕಥಾನಾಯಕ.

ಯಾವ ಆಕಾರ ಬರುತ್ತದೆ ಎಂದು ಮೊದಲೇ ಹೇಳಬಹುದೇ?

ಸ್ಥೂಲವಾಗಿ ಹೇಳಬಹುದು. ಇಸ್ರೇಲಾಚ್ವಿಲಿ, ಮಿಚೆಲ್ ಮತ್ತು ನಿನ್‌ಹ್ಯಾಮ್ 1976ರಲ್ಲಿ ಕೊಟ್ಟ ಜೋಡಣೆ ಸೂಚ್ಯಂಕ ಇಂದಿಗೂ ಮೊದಲು ಕೈಗೆತ್ತಿಕೊಳ್ಳುವ ಸಾಧನ. ಬಾಲದ ಗಾತ್ರವನ್ನು, ಬಾಲದ ಉದ್ದ ಮತ್ತು ತಲೆ ಮೇಲ್ಮೈಯಲ್ಲಿ ಹಿಡಿಯುವ ಜಾಗ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ ಮೂರನೇ ಒಂದಕ್ಕಿಂತ ಕಡಿಮೆಯಾದರೆ ಗುಂಡು. ಮೂರನೇ ಒಂದರಿಂದ ಅರ್ಧದವರೆಗೆ ಕಡ್ಡಿ ಮತ್ತು ಎಳೆ. ಅರ್ಧದಿಂದ ಒಂದರವರೆಗೆ ವೆಸಿಕಲ್ ಮತ್ತು ಹಾಳೆ.

ಒಂದು ಲೆಕ್ಕ ಮಾಡಿ ನೋಡೋಣ. ಸಿಟಿಎಬಿಯ ಬಾಲದಲ್ಲಿ 16 ಇಂಗಾಲಗಳಿವೆ. ಇಂಗಾಲಗಳ ಎಣಿಕೆಯಿಂದ ಬಾಲದ ಅಳತೆ ಹೇಳುವ ಟ್ಯಾನ್‌ಫರ್ಡ್ ಸೂತ್ರದ ಪ್ರಕಾರ ಅದರ ಗಾತ್ರ ಸುಮಾರು 0.458 ಘನ ನ್ಯಾನೋಮೀಟರ್, ಪೂರ್ತಿ ಚಾಚಿದರೆ ಉದ್ದ 2.17 ನ್ಯಾನೋಮೀಟರ್. ಭಾಗಿಸಿದರೆ 0.21 ಚದರ ನ್ಯಾನೋಮೀಟರ್. ಇದರ ಮೂರು ಪಟ್ಟು, ಅಂದರೆ 0.63ಕ್ಕಿಂತ ಹೆಚ್ಚು ಜಾಗವನ್ನು ಪ್ರತಿ ತಲೆ ಹಿಡಿದರೆ ಗುಂಡು ಮೈಸೆಲ್. ಜಾಗ 0.63ರಿಂದ 0.42ರ ನಡುವೆ ಕುಗ್ಗಿದರೆ ಎಳೆ. ಅದಕ್ಕೂ ಕಡಿಮೆಯಾದರೆ ಹಾಳೆಯ ಕಡೆಗೆ ಪಯಣ. ಬರೀ ಸಿಟಿಎಬಿ ಇರುವುದು ಗುಂಡು ಮತ್ತು ಎಳೆಯ ಗಡಿಯ ಹತ್ತಿರವೇ. ಧನ ವಿದ್ಯುತ್ ಹೊತ್ತ ತಲೆಗಳು ಒಂದನ್ನೊಂದು ದೂಡುವುದರಿಂದ ಜಾಗ ಅಗಲವಾಗಿದೆ. ಆ ದೂಡಾಟವನ್ನು ತಗ್ಗಿಸಿದರೆ ಗಡಿ ದಾಟಿ ಎಳೆಯಾಗುತ್ತದೆ.

ಗುಂಡು ಮೈಸೆಲ್‌ಗಳಿಂದ ಏಕೆ ಉಪಯೋಗವಿಲ್ಲ?

ಗೋಡೆಯ ಹತ್ತಿರ ಏನು ನಡೆಯುತ್ತದೆ ಎಂದು ನೋಡಿದರೆ ತಿಳಿಯುತ್ತದೆ. ಕೊಳವೆಯ ಗೋಡೆಯ ಮೇಲಿನ ಜಾರು ಒತ್ತಡ, ಅಂದರೆ ಹರಿಯುವ ನೀರು ಗೋಡೆಯನ್ನು ತನ್ನ ದಿಕ್ಕಿಗೆ ಉಜ್ಜಿ ಎಳೆಯುವ ಒತ್ತಡ, 5 ಪಾಸ್ಕಲ್ ಇದೆ ಎನ್ನೋಣ. ಆಗ ಗೋಡೆಯಿಂದ ಸುಮಾರು 0.07ರಿಂದ 0.4 ಮಿಲಿಮೀಟರ್ ದೂರದ ತೆಳು ಪಟ್ಟಿಯಲ್ಲಿ ಪ್ರಕ್ಷುಬ್ಧತೆ ಹುಟ್ಟುತ್ತದೆ. ಹರಿವಿನ ದಿಕ್ಕಿನಲ್ಲಿ ಮಲಗಿದಂತಿರುವ ಸುಳಿಗಳು ಗೋಡೆಗಂಟಿದ ನಿಧಾನದ ನೀರನ್ನು ಮೇಲಕ್ಕೆತ್ತುತ್ತವೆ, ನಡುವಿನ ವೇಗದ ನೀರನ್ನು ಗೋಡೆಗೆ ತಂದು ಬಡಿಯುತ್ತವೆ. ಪಂಪಿನ ಶಕ್ತಿಯ ದೊಡ್ಡ ಪಾಲು ಹೋಗುವುದು ಈ ಎತ್ತಿ ಹಾಕುವ ಕೆಲಸಕ್ಕೇ.

ಸುಳಿಗಳ ನಡುವೆ ಸಿಕ್ಕಿದ ದ್ರವ ಬರೀ ಜಾರುವುದಿಲ್ಲ, ಉದ್ದಕ್ಕೆ ಎಳೆದಂತಾಗಿ ಹಿಗ್ಗುತ್ತದೆ. ಐದು ನ್ಯಾನೋಮೀಟರಿನ ಗುಂಡಿಗೆ ಹಿಗ್ಗುವ ಮೈಯೇ ಇಲ್ಲ. ಸುಳಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಉದ್ದನೆಯ ಎಳೆಗಳು ಹಾಗಲ್ಲ. ಅವು ಹರಿವಿನ ದಿಕ್ಕಿಗೆ ಸಾಲಾಗಿ, ಒಂದಕ್ಕೊಂದು ತೊಡರಿಕೊಂಡು, ಹಿಗ್ಗುವುದಕ್ಕೆ ಬಲವಾದ ಪ್ರತಿರೋಧ ಒಡ್ಡುತ್ತವೆ. ಹಿಗ್ಗುವಿಕೆಯ ಸ್ನಿಗ್ಧತೆ ಜಾರುವಿಕೆಯ ಸ್ನಿಗ್ಧತೆಯ ನೂರು ಪಟ್ಟು ದಾಟುವುದುಂಟು. ನೀರಿನಂಥ ಸಾಧಾರಣ ದ್ರವದಲ್ಲಿ ಈ ಅನುಪಾತ ಬರೀ ಮೂರು. ಹೀಗೆ ಸುಳಿ ಬಲಿಯುವ ಮೊದಲೇ ಸೊರಗುತ್ತದೆ, ಗೋಡೆಯ ಕಡೆಗೆ ನೀರು ಬಡಿಯುವುದು ಕಡಿಮೆಯಾಗುತ್ತದೆ, ಒತ್ತಡ ನಷ್ಟ ಇಳಿಯುತ್ತದೆ.

ಒಂದು ಎಚ್ಚರಿಕೆ: ಒಂಟಿ ಎಳೆಯೂ ಸುಳಿಗಿಂತ ತೀರಾ ಚಿಕ್ಕದು. ಕೆಲಸ ಮಾಡುವುದು ಎಳೆಗಳು ಕೂಡಿ ಕಟ್ಟುವ ಜಾಲ.

ಪಾತ್ರೆ ತೊಳೆಯುವ ಸೋಪು ಹಾಕಿದರೆ ಆಗುವುದಿಲ್ಲವೇ?

ಸಾಮಾನ್ಯವಾಗಿ ಇಲ್ಲ. ಅಷ್ಟು ತೆಳುವಾಗಿ ಬೆರೆಸಿದಾಗ ಅದರ ಮೈಸೆಲ್‌ಗಳು ಗುಂಡಗಿರುತ್ತವೆ. ನೊರೆ ಬರುತ್ತದೆ, ಎಳೆತ ಇಳಿಯುವುದಿಲ್ಲ.

ಉಪ್ಪು ಸೇರಿಸುವುದು ಏತಕ್ಕೆ? ಯಾವ ಉಪ್ಪಾದರೂ ನಡೆಯುತ್ತದೆಯೇ?

ತಲೆಗಳ ದೂಡಾಟ ತಗ್ಗಿಸಲು. ಸಾಧಾರಣ ಉಪ್ಪು ಎದುರು ವಿದ್ಯುತ್ತಿನ ಅಯಾನುಗಳನ್ನು ಹತ್ತಿರ ತಂದು ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಬಹಳ ಹಾಕಬೇಕು. ಸೋಡಿಯಂ ಸ್ಯಾಲಿಸಿಲೇಟ್‌ನಂಥದ್ದು ಬೇರೆಯೇ ಮಟ್ಟದ್ದು. ಸ್ಯಾಲಿಸಿಲೇಟ್ ಅಯಾನಿನ ಉಂಗುರ ತಾನೇ ಅರ್ಧ ನೀರೊಲ್ಲದ್ದು. ಅದು ಮೈಸೆಲ್‌ನ ಹೊರಪದರದೊಳಕ್ಕೆ ನುಗ್ಗಿ ತಲೆಗಳ ನಡುವೆ ಕೂರುತ್ತದೆ. ಸರ್ಫ್ಯಾಕ್ಟಂಟ್ ಅಣುವಿಗೊಂದರಂತೆ ಇದ್ದರೂ ಎಳೆಗಳು ಬೆಳೆದುಬಿಡುತ್ತವೆ.

ಇಲ್ಲಿಯ ಸೂಕ್ಷ್ಮ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಸ್ಯಾಲಿಸಿಲೇಟ್‌ನಲ್ಲಿ ಹೈಡ್ರಾಕ್ಸಿಲ್ ಗುಂಪು ಉಂಗುರದ ಆರ್ಥೋ ಜಾಗದಲ್ಲಿದೆ, ಅಂದರೆ ಆಮ್ಲದ ಗುಂಪಿನ ಪಕ್ಕದಲ್ಲೇ. ಅದೇ ಗುಂಪನ್ನು ಒಂದು ಹೆಜ್ಜೆ ಆಚೆಯ ಮೆಟಾ ಅಥವಾ ನೇರ ಎದುರಿನ ಪ್ಯಾರಾ ಜಾಗಕ್ಕೆ ಸರಿಸಿದರೆ ತೆಳು ದ್ರಾವಣದಲ್ಲಿ ಸಿಟಿಎಬಿ ಜಿಗಿಯುವ ಗುಣ, ಅಂದರೆ ರಬ್ಬರಿನಂತೆ ಹಿಂದೆಳೆಯುವ ಗುಣ, ತೋರುವುದಿಲ್ಲ. ಗ್ರಾವ್‌ಷೋಲ್ಟ್ 1976ರಲ್ಲೇ ಇಂಥ ವ್ಯತ್ಯಾಸಗಳನ್ನು ದಾಖಲಿಸಿದ್ದರು. ಕ್ಲೋರೋಬೆಂಜೋಯೇಟ್‌ನಲ್ಲಿ ತಿರುವುಮುರುವು: ಪ್ಯಾರಾ ಜಾಗದ ಕ್ಲೋರಿನ್ ಎಳೆ ಬೆಳೆಸುತ್ತದೆ, ಆರ್ಥೋ ಜಾಗದ್ದು ಬೆಳೆಸುವುದಿಲ್ಲ. ನೀರೊಲ್ಲದ ಕ್ಲೋರಿನ್ ಪ್ಯಾರಾದಲ್ಲಿದ್ದಾಗ ಒಳಮುಖವಾಗಿ ಬಾಲಗಳ ಕಡೆ ಕೂರಬಲ್ಲದು. ನೀರೊಲವಿನ ಹೈಡ್ರಾಕ್ಸಿಲ್ ಆರ್ಥೋದಲ್ಲಿದ್ದಾಗ ಹೊರಮುಖವಾಗಿ ನೀರಿನ ಕಡೆ ನಿಲ್ಲಬಲ್ಲದು. ಒಂದು ಪರಮಾಣುವಿನ ಜಾಗ ಬದಲಾದರೆ ಇಡೀ ಕೊಳವೆಯ ಒತ್ತಡ ಬದಲಾಗುತ್ತದೆ.

ಉಪ್ಪು ಹೆಚ್ಚಿಸಿದಷ್ಟೂ ಎಳೆ ಉದ್ದವಾಗುತ್ತಲೇ ಹೋಗುತ್ತದೆಯೇ?

ಇಲ್ಲ. ಎಳೆ ಉದ್ದವಾಗುವುದಕ್ಕೆ ಕಾರಣ ಅದರ ಎರಡು ತುದಿಗಳು. ನಡುವಿನ ಅಣುಗಳಿಗಿಂತ ತುದಿಯ ಅರ್ಧಗೋಳದಲ್ಲಿರುವ ಅಣುಗಳಿಗೆ ಶಕ್ತಿಯ ಖರ್ಚು ಹೆಚ್ಚು, ಹಾಗಾಗಿ ತುದಿಗಳ ಸಂಖ್ಯೆ ಕಡಿಮೆ ಮಾಡಲು ಎಳೆಗಳು ಒಂದಕ್ಕೊಂದು ಸೇರುತ್ತವೆ. ಈ ತುದಿ ಖರ್ಚು ಉಷ್ಣ ಶಕ್ತಿಯ ಹತ್ತು ಪಟ್ಟಿನಷ್ಟು ಏರಿದರೆ ಸರಾಸರಿ ಉದ್ದ ಸುಮಾರು 150 ಪಟ್ಟು ಏರುತ್ತದೆ. ಆದರೆ ಉಪ್ಪು ಅತಿಯಾದರೆ ತುದಿ ಇಲ್ಲವಾಗಿಸಲು ಇನ್ನೊಂದು ದಾರಿ ತೆರೆಯುತ್ತದೆ: ಎಳೆಯ ತುದಿ ಇನ್ನೊಂದು ಎಳೆಯ ಮೈಗೆ ಅಂಟಿ ಕವಲಾಗುವುದು. ಈ ಕವಲಿನ ಕೂಡುಗಂಟು ಮರದ ಕೊಂಬೆಯಂತೆ ಬಿಗಿಯಾದದ್ದಲ್ಲ, ಎಳೆಯುದ್ದಕ್ಕೂ ಸರಿದಾಡುತ್ತದೆ. ಅದರಿಂದ ಬಿಗಿತ ಸಡಿಲವಾಗಿ ಸ್ನಿಗ್ಧತೆ ಇಳಿಯುತ್ತದೆ. ಕವಲೊಡೆದ ಎಳೆಗಳೂ ಎಳೆತ ಇಳಿಸುವುದುಂಟು, ಹಾಗಾಗಿ ಸ್ನಿಗ್ಧತೆ ಬಿದ್ದಿತೆಂದು ದ್ರಾವಣವನ್ನು ಚೆಲ್ಲಬೇಡಿ.

ದ್ರಾವಣ ಜಿಗಿಯುವ ಗುಣ ತೋರಿದರೆ ಎಳೆತ ಇಳಿಯುತ್ತದೆ ಎಂದು ನಂಬಬಹುದೇ?

ಒಂದು ಬೀಕರಿನಲ್ಲಿ ಕೆಲವು ಮಿಲಿಮೋಲಾರ್ ಸಿಟಿಎಬಿ, ಇನ್ನೊಂದರಲ್ಲಿ ಅಷ್ಟೇ ಸೋಡಿಯಂ ಸ್ಯಾಲಿಸಿಲೇಟ್. ಎರಡೂ ನೀರಿನಂತೆ ತೆಳು. ಬೆರೆಸಿ, ಬೀಕರನ್ನು ಕೈಯಲ್ಲಿ ಹಿಡಿದು ಗಿರ್ರನೆ ತಿರುಗಿಸಿ, ತಟ್ಟನೆ ನಿಲ್ಲಿಸಿ. ಒಳಗೆ ಸಿಕ್ಕಿದ ಗಾಳಿಗುಳ್ಳೆಗಳನ್ನೇ ನೋಡುತ್ತಿರಿ. ಅವು ಸುತ್ತುತ್ತಾ ನಿಧಾನವಾಗಿ, ಒಂದು ಕ್ಷಣ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತವೆ. ಶೇ. 99ಕ್ಕಿಂತ ಹೆಚ್ಚು ನೀರೇ ಇರುವ ದ್ರವ ರಬ್ಬರಿನಂತೆ ಹಿಂದೆಳೆಯುವುದನ್ನು ಮೊದಲ ಸಲ ನೋಡಿದವರು ಇನ್ನೊಮ್ಮೆ ತಿರುಗಿಸದೆ ಬಿಡುವುದಿಲ್ಲ. ಉದ್ದನೆಯ ಎಳೆಗಳಿವೆ ಎಂಬುದಕ್ಕೆ ಇದು ಕಣ್ಣಾರೆ ಕಾಣುವ ಗುರುತು.

ಆದರೆ ಗುರುತು ಬೇರೆ, ಷರತ್ತು ಬೇರೆ. ಜಿಗಿಯುವ ಗುಣವನ್ನು ಅಳೆಯಲೂ ಆಗದ ಕೆಲವು ದ್ರಾವಣಗಳು ಕೊಳವೆಯಲ್ಲಿ ಎಳೆತವನ್ನು ಚೆನ್ನಾಗಿ ಇಳಿಸಿವೆ. ಅವುಗಳಲ್ಲಿ ಕಂಡದ್ದು ಹಿಗ್ಗುವಿಕೆಗೆ ಇರುವ ಹೆಚ್ಚಿನ ಪ್ರತಿರೋಧ. ಬೀಕರ್ ಪರೀಕ್ಷೆಯಲ್ಲಿ ಸೋತದ್ದನ್ನು ಕೊಳವೆಯಲ್ಲಿ ಹರಿಸದೆ ತಳ್ಳಿಹಾಕುವುದು ತಪ್ಪು.

ಹರಿವೇ ಮೈಸೆಲ್‌ನ ಆಕಾರವನ್ನು ಬದಲಿಸುತ್ತದೆಯೇ?

ಹೌದು. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ತೆಳು ದ್ರಾವಣದಲ್ಲಿ ಗಿಡ್ಡ ಎಳೆಗಳು ಚದುರಿಕೊಂಡಿರುತ್ತವೆ. ಹರಿವಿನ ಜಾರುವಿಕೆ ಒಂದು ಮಟ್ಟ ದಾಟಿದರೆ ಅವು ಸಾಲುಗೂಡಿ, ತುದಿಗೆ ತುದಿ ತಾಗಿ, ಬೆಸೆದುಕೊಂಡು, ಮೊದಲಿಲ್ಲದ ದೊಡ್ಡ ರಚನೆಯನ್ನು ಕಟ್ಟುತ್ತವೆ. ಸ್ನಿಗ್ಧತೆ ಇದ್ದಕ್ಕಿದ್ದಂತೆ ಏರುತ್ತದೆ. ಜಾರಿಕೆಯಿಂದ ಹುಟ್ಟುವ ರಚನೆ ಎನ್ನುವುದು ಇದಕ್ಕೇ. ಹರಿವು ನಿಲ್ಲಿಸಿದರೆ ರಚನೆ ಕರಗಿಹೋಗುತ್ತದೆ.

ಇನ್ನೂ ವಿಚಿತ್ರವೆಂದರೆ ವೆಸಿಕಲ್‌ಗಳದ್ದು. ಸುಮ್ಮನಿಟ್ಟ ಮಾದರಿಯಲ್ಲಿ ಬರೀ ಪೊಳ್ಳು ಚೀಲಗಳಿರುವ ಕೆಲವು ದ್ರಾವಣಗಳು ಕೊಳವೆಯಲ್ಲಿ ಎಳೆತ ಇಳಿಸುತ್ತಿದ್ದವು. ಸೂತ್ರದ ಪ್ರಕಾರ ಇದು ಆಗಬಾರದು. ಜಾಕಿನ್, ಟಾಲ್ಮನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಚಿತ್ರಗಳು ಈ ಒಗಟು ಬಿಡಿಸಿದವು: ಹರಿವಿಗೆ ಒಡ್ಡಿ ತಕ್ಷಣ ಹೆಪ್ಪುಗಟ್ಟಿಸಿದ ಮಾದರಿಯಲ್ಲಿ ಚೀಲಗಳು ಎಳೆಗಳಾಗಿ ಮಾರ್ಪಟ್ಟಿದ್ದವು. ಜೋಡಣೆ ಸೂಚ್ಯಂಕ ತಪ್ಪಾಗಿರಲಿಲ್ಲ. ಅದು ನಿಂತ ನೀರಿನ ಬಗ್ಗೆ ಹೇಳುತ್ತಿತ್ತು, ಪಂಪು ಕೇಳುತ್ತಿದ್ದದ್ದು ಓಡುವ ನೀರಿನ ಬಗ್ಗೆ.

ಇಷ್ಟು ಸಣ್ಣ ಆಕಾರಗಳನ್ನು ನೋಡುವುದಾದರೂ ಹೇಗೆ?

ದ್ರಾವಣದ ತೆಳು ಪೊರೆಯನ್ನು ಕಣ್ಣೆವೆ ಮುಚ್ಚುವುದರೊಳಗೆ ದ್ರವ ಈಥೇನ್‌ನಲ್ಲಿ ಅದ್ದಿ, ನೀರು ಹರಳಾಗುವ ಮೊದಲೇ ಗಾಜಿನಂತೆ ಗಟ್ಟಿಯಾಗಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನ್ಯೂಟ್ರಾನ್ ಚದುರುವಿಕೆಯಿಂದಲೂ ಗುಂಡೋ ಎಳೆಯೋ ಹಾಳೆಯೋ ತಿಳಿಯುತ್ತದೆ.

ಪಾಲಿಮರ್‌ಗಳೂ ಎಳೆತ ಇಳಿಸುತ್ತವಲ್ಲ, ಮೈಸೆಲ್ ಏಕೆ?

ಟಾಮ್ಸ್ ಎಂಬ ವಿಜ್ಞಾನಿ 1948ರ ರಿಯಾಲಜಿ (ಹರಿವಿನ ವಿಜ್ಞಾನ) ಸಮ್ಮೇಳನದಲ್ಲಿ ಪಾಲಿಮರ್‌ನ ಈ ಗುಣವನ್ನು ವರದಿ ಮಾಡಿದ್ದರಿಂದ ಇದಕ್ಕೆ ಟಾಮ್ಸ್ ಪರಿಣಾಮ ಎಂದೇ ಹೆಸರು. ಮೈಸೆಲ್ಸ್ ಎಂಬ ವಿಜ್ಞಾನಿ ಅಲ್ಯೂಮಿನಿಯಂ ಸೋಪಿನಿಂದ ದಪ್ಪಗಾದ ಪೆಟ್ರೋಲ್ ಸಲೀಸಾಗಿ ಹರಿಯುವುದನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಗಮನಿಸಿದ್ದರು. ಅವರ ಹೆಸರಿಗೂ ಮೈಸೆಲ್ ಪದಕ್ಕೂ ಸಂಬಂಧವಿಲ್ಲ, ಬರೀ ಕಾಕತಾಳೀಯ.

ಪಾಲಿಮರ್ ಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಕೆಲಸ ಮಾಡುತ್ತದೆ. ಸರ್ಫ್ಯಾಕ್ಟಂಟ್ ಅದಕ್ಕಿಂತ ಹೆಚ್ಚು ಬೇಕು. ಆದರೆ ಪಾಲಿಮರ್ ಸರಪಳಿ ಗಟ್ಟಿ ರಾಸಾಯನಿಕ ಬಂಧದ್ದು. ಪಂಪಿನೊಳಗೆ ಒಮ್ಮೆ ತುಂಡಾದರೆ ತುಂಡಾದಂತೆಯೇ. ಅಲಾಸ್ಕಾದ ಕಚ್ಚಾ ತೈಲದ ಕೊಳವೆಮಾರ್ಗದಲ್ಲಿ 1979ರಿಂದ ಪಾಲಿಮರ್ ಬಳಸುತ್ತಿರುವುದು ಒಮ್ಮೆ ಸಾಗಿ ಮುಗಿಯುವ ಹರಿವಿನಲ್ಲಿ. ಮೈಸೆಲ್ ಎಳೆಯನ್ನು ಹಿಡಿದಿಟ್ಟಿರುವುದು ಬಂಧವಲ್ಲ, ಬಾಲಗಳಿಗೆ ನೀರಿನ ಮೇಲಿರುವ ಒಲ್ಲದಿಕೆ. ಅದು ಪಂಪಿನಲ್ಲಿ ಮುರಿಯುತ್ತದೆ, ಆಚೆ ಬಂದ ಮೇಲೆ ಮತ್ತೆ ಕೂಡುತ್ತದೆ. ಒಂದೇ ನೀರು ವರ್ಷಗಟ್ಟಲೆ ಸುತ್ತುವ ಬಿಸಿನೀರಿನ, ತಣ್ಣೀರಿನ ಜಾಲಗಳಿಗೆ ಬೇಕಾದದ್ದು ಇದೇ.

ಗರಿಷ್ಠ ಎಷ್ಟು ಇಳಿಸಬಹುದು?

ರೆನಾಲ್ಡ್ಸ್ ಸಂಖ್ಯೆ (ವೇಗ, ಕೊಳವೆಯ ವ್ಯಾಸ ಮತ್ತು ಸ್ನಿಗ್ಧತೆಯಿಂದ ಲೆಕ್ಕ ಹಾಕುವ, ಹರಿವು ಎಷ್ಟು ಪ್ರಕ್ಷುಬ್ಧ ಎಂದು ಸೂಚಿಸುವ ಅಂಕಿ) 50,000 ಇರುವ ನಯವಾದ ಕೊಳವೆ ತೆಗೆದುಕೊಳ್ಳಿ. ಬರೀ ನೀರಿಗೆ ಫ್ಯಾನಿಂಗ್ ಘರ್ಷಣಾಂಕ, ಅಂದರೆ ಗೋಡೆಯ ಘರ್ಷಣೆಯ ಅಳತೆ, ಸುಮಾರು 0.0053. ಪಾಲಿಮರ್‌ಗಳಿಗೆ ವಿರ್ಕ್ ಗುರುತಿಸಿದ ಗರಿಷ್ಠ ಮಿತಿಯಲ್ಲಿ ಅದು 0.0011, ಅಂದರೆ ಶೇ. 79 ಇಳಿಕೆ. ಸರ್ಫ್ಯಾಕ್ಟಂಟ್‌ಗಳಿಗೆ ಜಾಕಿನ್ ಮತ್ತು ಸಂಗಡಿಗರು 1996ರಲ್ಲಿ ಕೊಟ್ಟ ಮಿತಿಯಲ್ಲಿ 0.00083, ಶೇ. 84. ಸುಳಿಯೇ ಇಲ್ಲದ ಪದರ ಹರಿವು ಅಲ್ಲಿ ಸಾಧ್ಯವಾಗಿದ್ದರೆ 0.00032 ಇರುತ್ತಿತ್ತು. ಎಳೆ ಮೈಸೆಲ್‌ಗಳು ಪಾಲಿಮರ್ ಮಿತಿಯನ್ನು ದಾಟುತ್ತವೆ, ಪದರ ಹರಿವನ್ನು ಮುಟ್ಟುವುದಿಲ್ಲ.

ಇದು ನೇರ ಕೊಳವೆಯ ಲೆಕ್ಕ. ಜಾಲದಲ್ಲಿ ವಾಲ್ವು, ಮೊಣಕೈ, ಹೀಟ್ ಎಕ್ಸ್‌ಚೇಂಜರ್ ಹೆಚ್ಚಿದ್ದರೆ ಪಂಪಿನ ಒಟ್ಟು ಉಳಿತಾಯ ಇದಕ್ಕಿಂತ ಕಡಿಮೆಯೇ.

ವೇಗ ಹೆಚ್ಚಿಸಿದಾಗ ಪರಿಣಾಮ ಒಮ್ಮೆಲೇ ಮಾಯವಾಯಿತು. ದ್ರಾವಣ ಕೆಟ್ಟಿತೇ?

ಹೆದರಬೇಡಿ. ಗೋಡೆಯ ಜಾರು ಒತ್ತಡ ಒಂದು ಮಿತಿ ದಾಟಿದರೆ ಎಳೆಗಳು ಕೂಡುವುದಕ್ಕಿಂತ ಬೇಗ ಮುರಿಯತೊಡಗುತ್ತವೆ; ಇಳಿಕೆ ಕುಸಿದು ದ್ರಾವಣ ಬರೀ ನೀರಿನಂತೆ ವರ್ತಿಸುತ್ತದೆ. ವೇಗ ತಗ್ಗಿಸಿ, ಗುಣ ಮರಳುತ್ತದೆ. ಮಿತಿಯನ್ನು ವೇಗದಲ್ಲಲ್ಲ, ಜಾರು ಒತ್ತಡದಲ್ಲಿ ಬರೆದಿಟ್ಟುಕೊಳ್ಳಿ. ಕೊಳವೆ ದಪ್ಪವಾದರೆ ಅದೇ ಒತ್ತಡ ಇನ್ನೂ ದೊಡ್ಡ ರೆನಾಲ್ಡ್ಸ್ ಸಂಖ್ಯೆಯಲ್ಲಿ ಬರುತ್ತದೆ, ಹಾಗಾಗಿ ಕಿರುಕೊಳವೆಯಲ್ಲಿ ಸೋತ ದ್ರಾವಣ ದಪ್ಪ ಕೊಳವೆಯಲ್ಲಿ ಗೆಲ್ಲಬಹುದು.

ತಾಪಮಾನ ಏರಿದರೆ?

ಕಾದಂತೆ ಎಳೆ ಗಿಡ್ಡವಾಗುತ್ತದೆ, ಒಂದು ತಾಪದ ಮೇಲೆ ಎಳೆತ ಇಳಿಕೆ ನಿಂತುಹೋಗುತ್ತದೆ. ತುದಿ ಖರ್ಚು ಮತ್ತು ಉಷ್ಣ ಶಕ್ತಿಯ ಅನುಪಾತ ಘಾತಾಂಕದಲ್ಲಿ ಕೂತಿರುವುದರಿಂದ ಈ ಕುಸಿತ ಕಡಿದಾದದ್ದು. ಬಾಲ ಉದ್ದವಾದಷ್ಟೂ ಮೇಲಿನ ಮಿತಿ ಏರುತ್ತದೆ. ಬಿಸಿನೀರಿನ ಜಾಲಗಳಿಗೆ 22 ಇಂಗಾಲದ ಬಾಲ ಹುಡುಕುವುದು ಅದಕ್ಕೇ. ಆದರೆ ಉದ್ದ ಬಾಲದ್ದು ತಣ್ಣಗಾದಾಗ ಹರಳಾಗಿ ತಳಕ್ಕಿಳಿಯುತ್ತದೆ. ಬಾಲದಲ್ಲಿ ಒಂದು ದ್ವಿಬಂಧ ಇದ್ದರೆ ಈ ತೊಂದರೆ ತಗ್ಗುತ್ತದೆ.

ಶಾಖದ ಸಾಗಣೆಗೆ ತೊಂದರೆಯಿಲ್ಲವೇ?

ಇದೆ, ಮತ್ತು ಇದನ್ನು ಮುಚ್ಚಿಟ್ಟು ಯಾರೂ ಈ ತಂತ್ರವನ್ನು ಮಾರಬಾರದು. ಗೋಡೆಗೆ ನೀರು ತಂದು ಬಡಿಯುವ ಸುಳಿಗಳೇ ಶಾಖವನ್ನೂ ಹೊತ್ತು ತರುತ್ತಿದ್ದವು. ಅವನ್ನು ಅಡಗಿಸಿದರೆ ಶಾಖ ವರ್ಗಾವಣೆಯೂ ಕುಸಿಯುತ್ತದೆ, ಹಲವು ಸಲ ಎಳೆತಕ್ಕಿಂತ ಹೆಚ್ಚಿನ ಶೇಕಡಾವಾರಿನಲ್ಲಿ. ಕೊಳವೆಯಲ್ಲಿ ಬೇಕಾದದ್ದೇ ಹೀಟ್ ಎಕ್ಸ್‌ಚೇಂಜರಿನಲ್ಲಿ ಬೇಡದ್ದು.

ಪರಿಹಾರವೂ ಆಕಾರದಲ್ಲೇ ಇದೆ. ಎಕ್ಸ್‌ಚೇಂಜರಿಗೆ ಮುಂಚೆ ಬಲೆ ಅಥವಾ ಮಿಕ್ಸರ್ ಇಟ್ಟು ಎಳೆಗಳನ್ನು ಬೇಕೆಂದೇ ಮುರಿಯುತ್ತಾರೆ. ಎಕ್ಸ್‌ಚೇಂಜರನ್ನು ದಾಟುವಷ್ಟು ಹೊತ್ತು ಅವು ಕೂಡದಿದ್ದರೆ ಶಾಖ ಸಾಗುತ್ತದೆ, ಆಚೆ ಕೂಡಿಕೊಂಡರೆ ಎಳೆತ ಮತ್ತೆ ಇಳಿಯುತ್ತದೆ. ಬಲೆಯಲ್ಲೇ ಕಳೆಯುವ ಒತ್ತಡ ಉಳಿತಾಯವನ್ನು ನುಂಗಬಾರದು, ಕಷ್ಟ ಅಲ್ಲಿದೆ. ಬೆಳಕಿನ ದಾರಿಯೂ ಉಂಟು: ಸಿನ್ನಮೇಟ್ ಬಗೆಯ ಎದುರು ಅಯಾನಿನ ಮೇಲೆ ನೇರಳಾತೀತ ಬೆಳಕು ಬಿದ್ದರೆ ಅದರ ರೂಪ ಟ್ರಾನ್ಸ್‌ನಿಂದ ಸಿಸ್‌ಗೆ ತಿರುಗಿ ಎಳೆ ಗಿಡ್ಡವಾಗುತ್ತದೆ.

ನಿಜವಾಗಿ ಎಲ್ಲಾದರೂ ಬಳಸಿದ್ದಾರೆಯೇ? ಪರಿಸರಕ್ಕೆ ಹಾನಿಯಿಲ್ಲವೇ?

ಡೆನ್ಮಾರ್ಕಿನ ಹರ್ನಿಂಗ್‌ನಲ್ಲಿ ಊರಿಗೆ ಬಿಸಿನೀರು ಹಂಚುವ ಜಾಲದಲ್ಲಿ ದೊಡ್ಡ ಪ್ರಯೋಗ ನಡೆದಿದೆ. ಜಪಾನಿನ ಸಪ್ಪೊರೊ ನಗರಸಭೆ ಕಟ್ಟಡದ ಹವಾನಿಯಂತ್ರಣ ವ್ಯವಸ್ಥೆಯಲ್ಲೂ ಬಳಸಿದ್ದಾರೆ. ಧನ ಅಯಾನಿನ ಅಮೋನಿಯಂ ಸರ್ಫ್ಯಾಕ್ಟಂಟ್‌ಗಳು ಜಲಚರಗಳಿಗೆ ವಿಷ, ಬೇಗ ಕೊಳೆಯುವುದಿಲ್ಲ; ಮುಚ್ಚಿದ ಜಾಲದಲ್ಲೇ ಇರಬೇಕು, ಸೋರಿದರೆ ಹೊಳೆಗೆ ಸೇರಬಾರದು. ಬೀಟೈನ್‌ನಂಥ ಎರಡೂ ವಿದ್ಯುತ್ತಿನ ತಲೆಯವು ಮತ್ತು ವಿದ್ಯುತ್ತಿಲ್ಲದ ತಲೆಯವು ಸುಲಭವಾಗಿ ಕೊಳೆಯುತ್ತವೆ, ಆದರೆ ಅವು ಕೆಲಸ ಮಾಡುವ ತಾಪದ ಪಟ್ಟಿ ಕಿರಿದು.

ಹೊಸ ದ್ರಾವಣವನ್ನು ಪರೀಕ್ಷಿಸುವುದು ಹೇಗೆ?

ಬೆರೆಸಿದ ದ್ರಾವಣ ಒಂದು ರಾತ್ರಿ ಇರಲಿ. ಎರಡು ಬೇರೆ ವ್ಯಾಸದ ಕೊಳವೆಗಳಲ್ಲಿ ಹರಿಸಿ, ಪಂಪಿನಿಂದ ಸಾಕಷ್ಟು ದೂರದಲ್ಲಿ ಒತ್ತಡ ಅಳೆಯಿರಿ, ತಾಪವನ್ನು ಬಿಗಿಯಾಗಿ ಹಿಡಿಯಿರಿ. ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಪರಿಣಾಮ ಕುಸಿಯುವ ಬಿಂದುವನ್ನು ದಾಟಿ. ಅಲ್ಲಿಗೇ ನಿಲ್ಲಿಸಬೇಡಿ, ಅದೇ ಮೆಟ್ಟಿಲುಗಳಲ್ಲಿ ಇಳಿದು ಬನ್ನಿ. ಇಳಿಯುವಾಗಿನ ಗೆರೆ ಏರುವಾಗಿನ ಗೆರೆಯ ಮೇಲೆ ಮತ್ತೆ ಬಂದು ಕೂತರೆ ಎಳೆಗಳು ಕೂಡಿಕೊಂಡಿವೆ. ಎಷ್ಟು ಕಾದರೂ ಕೂರದಿದ್ದರೆ, ಕೊಳವೆಯಲ್ಲಿ ಏನೋ ಸರ್ಫ್ಯಾಕ್ಟಂಟನ್ನು ಹೀರುತ್ತಿದೆ ಅಥವಾ ತಾಪ ಜಾರಿದೆ. ಮೊದಲು ಥರ್ಮಾಮೀಟರ್ ನೋಡಿ.